ನಾಯಿಯೊಡನೆ ನಡೆದ ದಾರಿ



ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯು ಶಾಲೆಯ ಅಭಿವೃದ್ಧಿಯ ವಿಷಯವಾಗಿ ಬರೆಯಬೇಕೆಂಬುದು ರೂಢಿ. ಪರೀಕ್ಷೆಯ ಫಲಿತಾಂಶ, ಹೊಸ ಕೊಠಡಿಗಳು, ದಾನಿಗಳ ಹೆಸರುಗಳು ಇವೆಲ್ಲವೂ ವಾರ್ಷಿಕ ವರದಿಯಲ್ಲಿ ಅಚ್ಚಾಗಿರುವುದರಿಂದ ಅವನ್ನೇ ಮತ್ತೊಮ್ಮೆ ಹೇಳಿ ಓದುವವರ ತಾಳ್ಮೆಯನ್ನು ಪರೀಕ್ಷಿಸಲಿಕ್ಕೆ ನಮಗೆ ಮನಸ್ಸಿಲ್ಲ. ಅದಲ್ಲದೆ ಈಚೆಗೆ ನಮ್ಮನ್ನು ಕಾಣಲಿಕ್ಕೆ ಬಂದ ಹಳೆಯ ವಿದ್ಯಾರ್ಥಿನಿಯರಲ್ಲಿ ಹೆಚ್ಚಿನವರು ಶಾಲೆಯ ಅಭಿವೃದ್ಧಿಯನ್ನು ಕೇಳಲೇ ಇಲ್ಲ. ಅವರು ಕೇಳಿದ್ದು ಒಂದೇ: "ಟೀಚರ್, ನೀವು ಶನಿವಾರ ಶನಿವಾರ ಕಾರಿನಲ್ಲಿ ಎರಡು ನಾಯಿಗಳನ್ನು ಕೂರಿಸಿಕೊಂಡು ಎಲ್ಲಿಗೆ ಹೋಗುವುದು?" ಮಣಿಪಾಲದ ಟೈಗರ್ ಸರ್ಕಲ್ಲಿನಲ್ಲಿ ನಮ್ಮನ್ನು ಕಂಡವರುಂಟು, ಹಿರಿಯಡಕದ ಪೇಟೆಯಲ್ಲಿ ಕಂಡವರುಂಟು, ಕಾಪುವಿನ ಕಡಲ ಕರೆಯಲ್ಲಿ ಕಂಡು ಗುರುತು ಹಿಡಿಯದವರಂತೆ ದೂರ ಸರಿದವರೂ ಉಂಟು. ಅವರೆಲ್ಲರಿಗೂ ಇಲ್ಲಿಯೇ ಉತ್ತರ ಕೊಡುವೆವು. 'ನಾವು' ಎಂದು ಬರೆಯುವುದು ಈ ಪುಟಗಳ ಹಳೆಯ ಪದ್ಧತಿ. ಬರೆಯುವವಳು ಒಬ್ಬಳೇ ಆದರೂ, ದಾರಿಯ ಮಾತು ಬಂದಾಗ ನಮ್ಮ ತಂದೆಯವರೂ ಒಂದು ನಾಯಿಯೂ ಆ ಶಬ್ದದೊಳಗೆ ತಾವಾಗಿಯೇ ಬಂದು ಸೇರುವುದನ್ನು ವಾಚಕರು ಮುಂದೆ ಕಾಣುವರು.

ಮೊದಲು ಈ ಎರಡು ನಾಯಿಗಳ ಸಂಗತಿ. ನಾಲ್ಕು ವರ್ಷ ಅವು ನಮ್ಮ ಶಾಲೆಯ ಗೇಟಿನ ಬಳಿ ಇದ್ದವು. ಪ್ರತಿದಿನ ಪ್ರಾರ್ಥನೆಯ ಗಂಟೆಗೆ ಸರಿಯಾಗಿ ಬಂದು ನಿಲ್ಲುವ ಕಂದು ನಾಯಿಗೆ ಮಕ್ಕಳು 'ಹಾಜರಿ' ಎಂದೂ, ಮನಸ್ಸು ಬಂದ ದಿನ ಮಾತ್ರ ಮೋರೆ ತೋರಿಸುವ ಕರಿಯ ಹೆಣ್ಣುನಾಯಿಗೆ 'ರಜೆ' ಎಂದೂ ಹೆಸರಿಟ್ಟರು. ಮಕ್ಕಳು ಇಟ್ಟ ಹೆಸರುಗಳಲ್ಲಿ ಇವುಗಳಷ್ಟು ಒಪ್ಪುವವು ಬೇರೆ ಇಲ್ಲ. (ಉಪಾಧ್ಯಾಯಿನಿಯರಿಗೆ ಇಟ್ಟವು ನಮಗೆ ತಿಳಿಯದೆ ಇಲ್ಲ.) 2025ನೆಯ ನವೆಂಬರ್ ತಿಂಗಳಲ್ಲಿ ಸುಪ್ರೀಂ ಕೋರ್ಟು, ವಿದ್ಯಾಸಂಸ್ಥೆ, ಆಸ್ಪತ್ರೆ, ಬಸ್ಸು ನಿಲ್ದಾಣ, ರೈಲು ನಿಲ್ದಾಣ ಮುಂತಾದವುಗಳ ಆವರಣದೊಳಗೆ ಬೀದಿ ನಾಯಿಗಳು ಇರಕೂಡದೆಂದೂ, ಅವುಗಳನ್ನು ಹಿಡಿದು ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆ ಮಾಡಿಸಿ ಆಶ್ರಯಸ್ಥಾನಗಳಲ್ಲಿ ಇರಿಸಬೇಕಲ್ಲದೆ ಹಿಡಿದ ಜಾಗಕ್ಕೆ ಪುನಃ ಬಿಡಕೂಡದೆಂದೂ ಆಜ್ಞೆ ಮಾಡಿತು. ಅದಕ್ಕೆ ಮೊದಲು 2023ರ ನಿಯಮಗಳಂತೆ ಹಿಡಿದ ಜಾಗಕ್ಕೇ ಬಿಡುವುದು ಕ್ರಮವಾಗಿತ್ತು.

ಆ ವಾರ ನಡೆದ ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು, "ಟೀಚರ್, ನಾಯಿ ಒಳ್ಳೆಯದೇ ಇರಬಹುದು; ಆದರೆ ಮಗು ನನ್ನದು" ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಹುಚ್ಚುನಾಯಿ ರೋಗ ಒಮ್ಮೆ ತೋರಿಕೊಂಡಿತೆಂದರೆ ಮನುಷ್ಯನಿಗೆ ಹೆಚ್ಚುಕಡಮೆ ಸಾವೇ ಗತಿ ಎಂಬುದನ್ನು ನಾವು ಚಿಕ್ಕಂದಿನಿಂದ ಬಲ್ಲೆವು. ನಮ್ಮ ತಂದೆಯವರು ಹುಚ್ಚು ಹಿಡಿದ ಕರುವೊಂದರ ಬಾಯಿಗೆ ತಿಳಿಯದೆ ಕೈ ಹಾಕಿ, ಆ ಕಾಲದ ಪದ್ಧತಿಯಂತೆ ಹೊಟ್ಟೆಯ ಮೇಲೆ ದಿನಕ್ಕೊಂದರಂತೆ ಹದಿನಾಲ್ಕು ಚುಚ್ಚುಮದ್ದು ಹಾಕಿಸಿಕೊಂಡು, ರಾತ್ರಿ ಮಗ್ಗುಲು ತಿರುಗಲಾರದೆ ಗೋಡೆಗೆ ಒರಗಿ ಕುಳಿತಿದ್ದನ್ನು ಕಂಡಿದ್ದೇವೆ. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಲಸಿಕೆ ನಮ್ಮ ದೇಶದಲ್ಲಿ 2004ರ ಕೊನೆಗೆ ನಿಂತುಹೋಯಿತು. ಈಗಿನದನ್ನು ತೋಳಿಗೆ ಕೊಡುತ್ತಾರೆ. ಕಚ್ಚಿದ ದಿನ ಒಂದು, ಆ ಮೇಲೆ 3, 7, 14, 28ನೆಯ ದಿನಗಳಲ್ಲಿ ಒಂದೊಂದು. ಎಲ್ಲಕ್ಕೂ ಮೊದಲು ಗಾಯವನ್ನು ಹದಿನೈದು ನಿಮಿಷ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆಯಬೇಕು. ಸುಣ್ಣ, ಅರಿಸಿನ, ಮೆಣಸಿನ ಪುಡಿ ಯಾವುದನ್ನೂ ಹಚ್ಚಕೂಡದು. ಇಷ್ಟನ್ನು ಪೋಷಕರು ನೆನಪಿನಲ್ಲಿಟ್ಟರೆ ಲೇಖನದ ಉಳಿದ ಭಾಗವನ್ನು ಮರೆತರೂ ನಮಗೆ ಬೇಸರವಿಲ್ಲ.

ಅಂತೂ ಶಾಲೆಯ ಗೇಟು ಭದ್ರವಾಯಿತು. ಹಿಡಿಯುವವರು ಬರುವ ಹಿಂದಿನ ಸಾಯಂಕಾಲ ನಾವು ಎರಡು ನಾಯಿಗಳನ್ನೂ ಪಶುವೈದ್ಯರಲ್ಲಿಗೆ ಕೊಂಡುಹೋಗಿ, ಲಸಿಕೆ ಹಾಕಿಸಿ, ನಮ್ಮ ಮನೆಗೆ ತಂದೆವು. ಮೂವತ್ತು ವರ್ಷಗಳಿಂದ ನಾಯಿ ಸಾಕದೆ ಇದ್ದ ಮನೆಗೆ ಒಂದೇ ದಿನ ಎರಡು ಬಂದವು. ಯಾಕೆ ಸಾಕಲಿಲ್ಲವೆಂಬುದೇ ಈ ಲೇಖನದ ವಿಷಯ.

ನಮ್ಮ ತಂದೆಯವರು ಪಶುಪಾಲನಾ ಇಲಾಖೆಯಲ್ಲಿ ಚಿಕ್ಕ ಕೆಲಸದಲ್ಲಿದ್ದರು. ಡಾಕ್ಟರಲ್ಲ, ಡಾಕ್ಟರರ ಕೈಕೆಳಗಿನವರು. ಆದರೆ ಹಳ್ಳಿಯವರು "ದನದ ಡಾಕ್ಟ್ರು ಬಂದರು" ಎಂದೇ ಹೇಳುತ್ತಿದ್ದರು; ತಿದ್ದಿ ತಿದ್ದಿ ಸಾಕಾಗಿ ಅವರು ಕೊನೆಗೆ ಸುಮ್ಮನಾದರು. ಆಗ ಉಡುಪಿ ಜಿಲ್ಲೆ ಹುಟ್ಟಿರಲಿಲ್ಲ (ಅದು 1997ರಲ್ಲಿ ಆದದ್ದು), ಹೆಬ್ರಿಯೂ ಕಾರ್ಕಳ ತಾಲೂಕಿಗೇ ಸೇರಿತ್ತು. ಮಳೆಗಾಲ ಹಿಡಿಯುವುದಕ್ಕೆ ಮುಂಚೆ, ಘಟ್ಟದ ಬುಡದ ಹಳ್ಳಿಗಳ ದನ ಎಮ್ಮೆಗಳಿಗೆ ಗಂಟಲುಬೇನೆ ಮತ್ತು ಚಪ್ಪೆರೋಗದ ಚುಚ್ಚುಮದ್ದು ಹಾಕಿ ಮುಗಿಸಬೇಕು. ಏಪ್ರಿಲ್ ಮೇ ತಿಂಗಳು ಶಾಲೆಗೆ ರಜೆ. 1990ರಲ್ಲಿ, ನಮಗೆ ಹನ್ನೊಂದು ವರ್ಷವಾಗಿದ್ದಾಗ, ತಂದೆಯವರು ಅಮ್ಮನವರೊಡನೆ ಒಂದು ರಾತ್ರಿಯೆಲ್ಲಾ ಚರ್ಚೆ ಮಾಡಿ ಗೆದ್ದು, ನಮ್ಮನ್ನು ಸಂಗಡ ಕರೆದುಕೊಂಡು ಹೊರಟರು. ಹೆಣ್ಣುಮಗುವನ್ನು ಕಾಡಿಗೆ ಕರೆದೊಯ್ಯುವುದೇ ಎಂದು ಕೇಳಿದವರಿಗೆ, "ಬೊಳ್ಳು ಇದೆಯಲ್ಲ" ಎಂಬುದೇ ಅವರ ಉತ್ತರ.

ಬೊಳ್ಳು ಎಂಬುದು ನಾಯಿ. ತುಳುವಿನಲ್ಲಿ ಬಿಳಿಯ ನಾಯಿಗೆ ಹೀಗೆ ಹೆಸರಿಡುವುದುಂಟು. ಮೈ ಬಿಳಿ, ಕಿವಿಗಳು ಮಾತ್ರ ಕಂದು. ಜಾತಿಯ ನಾಯಿಯಲ್ಲ, ಅಜೆಕಾರಿನ ಗೂಡಂಗಡಿಯೊಂದರ ಹಿಂದೆ ಸಿಕ್ಕಿದ ಮರಿ. ತಂದೆಯವರು ಬೆರಳು ಚಿಟಿಕೆ ಹೊಡೆದರೆ ಎಲ್ಲಿದ್ದರೂ ಬಂದು ಅವರ ಎಡಗಾಲಿನ ಬಳಿ ನಿಲ್ಲುವುದು ಅದರ ವಿದ್ಯೆ. ಬೇರೆ ವಿದ್ಯೆಯನ್ನು ಯಾರೂ ಕಲಿಸಲಿಲ್ಲ.

ಆ ಸಂಚಾರಗಳಿಗೆ ಒಂದು ಗಡಿಯಾರವಿತ್ತು, ಅದು ಮಂಜುಗಡ್ಡೆ. ಚುಚ್ಚುಮದ್ದಿನ ಕುಪ್ಪಿಗಳನ್ನು ಅಗಲ ಬಾಯಿಯ ಥರ್ಮಾಸಿನಲ್ಲಿ ಮಂಜುಗಡ್ಡೆಯೊಡನೆ ಇಟ್ಟು ಹೊರಡಬೇಕು. ಗಡ್ಡೆ ಕರಗಿ ನೀರು ಬಿಸಿಯಾಯಿತೆಂದರೆ ಮದ್ದೂ ಕೆಟ್ಟಿತು, ನಡೆದ ದಾರಿಯೂ ದಂಡವಾಯಿತು. ಆದುದರಿಂದ ಕಾರ್ಕಳದಿಂದ ಮೊದಲನೆಯ ಬಸ್ಸು ಹಿಡಿಯುವುದು, ಬಸ್ಸಿನಿಂದ ಇಳಿದಲ್ಲಿಂದ ಬಿಸಿಲೇರುವುದರೊಳಗೆ ನಡೆಯುವುದು, ತಂಗಿದ ಮನೆಯಲ್ಲಿ ಥರ್ಮಾಸನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಇಡುವುದು. ಥರ್ಮಾಸನ್ನು ಹೊರುವ ಕೆಲಸ ನಮ್ಮದು. ಅದನ್ನು ಅಲುಗಿಸಿದರೆ ತಂದೆಯವರು ಬೈಯುತ್ತಿರಲಿಲ್ಲ, ತಿರುಗಿ ನೋಡುತ್ತಿದ್ದರು. ಅದು ಬೈಗುಳಕ್ಕಿಂತ ಕೆಟ್ಟದು. ಬಸ್ಸಿನ ಕಂಡಕ್ಟರು ನಾಯಿಯನ್ನು ಹತ್ತಿಸಿದರೆ ಸರಿ, ಹತ್ತಿಸದಿದ್ದರೆ ಮೂವರೂ ನಡೆಯುವುದು. ಬೊಳ್ಳುವನ್ನು ಬಿಟ್ಟು ನಾವಿಬ್ಬರು ಬಸ್ಸು ಹತ್ತಿದ್ದು ನೆನಪಿಲ್ಲ.

ಹೀಗೆ ಆರು ಬೇಸಗೆಗಳಲ್ಲಿ ಅಂಡಾರು, ಕೆರ್ವಾಶೆ, ಮಾಳ, ಮುದ್ರಾಡಿ, ಕಬ್ಬಿನಾಲೆ, ಸೋಮೇಶ್ವರದ ಕಡೆಗಳನ್ನು ನಡೆದು ಕಂಡೆವು. ವರಂಗದ ಕೆರೆಯ ನಡುವೆ ನಿಂತಿರುವ ಬಸದಿಗೆ ದೋಣಿಯಲ್ಲಿ ಹೋಗಬೇಕು; ತಂದೆಯವರು ಅಲ್ಲಿ ಬುತ್ತಿ ಬಿಚ್ಚಲಿಕ್ಕೆ ಯಾವಾಗಲೂ ದಡದ ಮರದ ನೆರಳನ್ನೇ ಆರಿಸುತ್ತಿದ್ದರು, ಯಾಕಂದರೆ ನಾವು ದೋಣಿ ಹತ್ತಿದರೆ ಬೊಳ್ಳು ನೀರಿಗೆ ಬಿದ್ದು ಹಿಂದೆಯೇ ಈಜುವುದು. ಕಾಡಿನ ದಾರಿಯಲ್ಲಿ ಅದು ಹತ್ತು ಮಾರು ಮುಂದೆ ಹೋಗಿ ನಿಂತು, ನಾವು ಬಂದೆವೋ ಎಂದು ನೋಡಿ, ಪುನಃ ಹತ್ತು ಮಾರು ಹೋಗುವುದು. ನಮ್ಮ ಲೆಕ್ಕದಲ್ಲಿ ನಾವು ಒಂದು ಮೈಲು ನಡೆದರೆ ಅದು ಮೂರು ನಡೆಯುತ್ತಿತ್ತು. ಎಂದಾದರೂ ಅದು ಮುಂದೆ ಹೋಗದೆ ತಂದೆಯವರ ಕಾಲಿಗೆ ಒತ್ತಿಕೊಂಡು, ಬೊಗಳದೆ, ಬೆನ್ನಿನ ಕೂದಲನ್ನು ನಿಮಿರಿಸಿ ನಿಂತರೆ ನಾವೂ ನಿಲ್ಲಬೇಕು. ಬೊಗಳಿದರೆ ಹಾವೋ ಉಡವೋ ಹಂದಿಯೋ, ಬೊಗಳದಿದ್ದರೆ ಚಿರತೆ. ಈ ವ್ಯತ್ಯಾಸವನ್ನು ತಂದೆಯವರು ನಮಗೆ ಮೊದಲನೆಯ ವರ್ಷವೇ ಹೇಳಿಕೊಟ್ಟಿದ್ದರು.

ಮೊದಲ ಮಳೆ ಬಿದ್ದೊಡನೆ ಉಂಬಳಗಳು ಏಳುತ್ತವೆ. ನಮ್ಮ ಕಾಲಿಗೆ ಹತ್ತಿದವನ್ನು ಹೊಗೆಸೊಪ್ಪು ಸುಣ್ಣದಿಂದ ಬಿಡಿಸಬಹುದು. ಒಮ್ಮೆ ಬೊಳ್ಳುವಿನ ಮೂಗಿನೊಳಕ್ಕೇ ಒಂದು ಹೊಕ್ಕು ನಾಯಿ ಸೀನಿ ಸೀನಿ ರಕ್ತ ಸುರಿಸಿತು. ತಂದೆಯವರು ಅವಸರಪಡಲಿಲ್ಲ. ಅರ್ಧ ದಿನ ಅದಕ್ಕೆ ನೀರು ಕೊಡದೆ ನಡೆಸಿ, ಆ ಮೇಲೆ ತೆಂಗಿನ ಗೆರಟೆಯಲ್ಲಿ ತಣ್ಣೀರು ಇಟ್ಟು, ತಾವು ನೆಲದ ಮೇಲೆ ಮಲಗಿ ಅದರ ಮೂಗಿನ ಮುಂದೆ ಕಣ್ಣಿಟ್ಟು ಕಾದರು. ನಾಯಿ ಕುಡಿಯುತ್ತಿದ್ದ ಹಾಗೆ ಉಂಬಳವು ನೀರಿನ ಆಸೆಗೆ ಒಂದಿಂಚು ಹೊರಗೆ ಚಾಚಿತು. ಬಟ್ಟೆ ಸುತ್ತಿದ ಬೆರಳುಗಳಿಂದ ಅವರು ಅದನ್ನು ಹಿಡಿದು ಎಳೆದರು. ಉಪಾಧ್ಯಾಯಿನಿಯರ ತರಬೇತಿಯಲ್ಲಿ ನಮಗೆ ತಾಳ್ಮೆಯ ವಿಷಯವಾಗಿ ಎಷ್ಟೋ ಉಪನ್ಯಾಸಗಳು ನಡೆದವು. ಆ ಗೆರಟೆಯ ಮುಂದೆ ಕಂಡಷ್ಟನ್ನು ಅವುಗಳಲ್ಲಿ ಕಾಣಲಿಲ್ಲ.

1993ರಲ್ಲಿ ಕೆಲಸ ಒಂದು ದಿನ ಮೊದಲೇ ಮುಗಿದುದರಿಂದ, ಸೂರ್ಯಾಸ್ತವನ್ನು ತೋರಿಸುವೆನೆಂದು ತಂದೆಯವರು ನಮ್ಮನ್ನು ಸೋಮೇಶ್ವರದಿಂದ ಆಗುಂಬೆಗೆ ಘಾಟಿಯ ಹದಿನಾಲ್ಕು ತಿರುವುಗಳನ್ನು ನಡೆಸಿಯೇ ಹತ್ತಿಸಿದರು. ಆ ದಿನದ ಕಂಡಕ್ಟರು ನಾಯಿಯನ್ನು ಒಪ್ಪದವನು. ಮೇಲೆ ಮುಟ್ಟಿದಾಗ ಪಶ್ಚಿಮದಲ್ಲಿ ಕಾಡಿನಾಚೆ ಕಡಲು ಒಂದು ಗೆರೆಯಂತೆ ಹೊಳೆಯುತ್ತಿತ್ತು. "ಅಗೋ ಆ ಕಡೆ ಮಗಾ, ಕಾಪು. ಅಲ್ಲಿ ದೀಪಸ್ತಂಭ ಉಂಟು, 1901ರಲ್ಲಿ ಕಟ್ಟಿದ್ದು" ಎಂದರು. ನಮಗೆ ದೀಪವೂ ಕಾಣಲಿಲ್ಲ ಸ್ತಂಭವೂ ಕಾಣಲಿಲ್ಲ. ಕಂಡಿತೆಂದು ಸುಳ್ಳು ಹೇಳಿದೆವು. ಬೊಳ್ಳು ಸೂರ್ಯನ ಕಡೆಗೆ ಬೆನ್ನು ಹಾಕಿ ಮಂಗಗಳನ್ನು ನೋಡುತ್ತಾ ಕುಳಿತಿತ್ತು.

ಹಿಂದಿರುಗುವಾಗ ಕಾರ್ಕಳದ ಬಂಡೆಯ ಮೇಲಿನ ಗೊಮ್ಮಟ ದೂರದಿಂದ ಕಂಡೊಡನೆ ನಮ್ಮ ಹೆಜ್ಜೆ ಚುರುಕಾಗುತ್ತಿತ್ತು. 1432ರಿಂದ ನಿಂತಿರುವ, ನಲವತ್ತೆರಡು ಅಡಿ ಎತ್ತರದ ಆ ಮೂರ್ತಿಯನ್ನು ಜನರು ಪೂಜೆಗಾಗಿಯೂ ಪ್ರೇಕ್ಷಣೆಗಾಗಿಯೂ ನೋಡುವರು. ನಮಗೆ ಅದು ಅಮ್ಮನವರ ಗಂಜಿ ಇನ್ನೆಷ್ಟು ದೂರವೆಂಬುದರ ಗುರುತಾಗಿತ್ತು.

ಇನ್ನು 1995ರ ಮೇ ತಿಂಗಳ ಸಂಗತಿ. ಇದನ್ನು ಇದುವರೆಗೆ ಯಾರಿಗೂ ಹೇಳಿದ್ದಿಲ್ಲ.

ಎಸ್.ಎಸ್.ಎಲ್.ಸಿ. ಬರೆದು ಮುಗಿಸಿದ್ದೆವು. ಹದಿನಾರು ವರ್ಷದ ಹುಡುಗಿಗೆ ತಾನು ದೊಡ್ಡವಳೆಂಬ ಭಾವನೆ ಬರಲಿಕ್ಕೆ ಹೆಚ್ಚೇನೂ ಬೇಡ. ಕಬ್ಬಿನಾಲೆಯ ಕಡೆಯ ಒಂದು ಮನೆಯಲ್ಲಿ ಆ ರಾತ್ರಿ ಬಿಡಾರ. ಮನೆಯ ಹಿರಿಯ ಅಜ್ಜಿ ಕುಚ್ಚಲಕ್ಕಿ ಗಂಜಿ, ಹಲಸಿನ ಪಲ್ಯ ಬಡಿಸಿ, ನಮ್ಮನ್ನು ಸೊಸೆಯ ಸಂಗಡ ಒಳಗಿನ ಕೋಣೆಯಲ್ಲಿ ಮಲಗಿಸುವ ಏರ್ಪಾಡು ಮಾಡಿದರು. ತಂದೆಯವರಿಗೆ ಜ್ವರ ಬಂದಿತ್ತು. ಜಗಲಿಯ ಒಳಬದಿಯ ಚಾವಡಿಯಲ್ಲಿ ಕಂಬಳಿ ಹೊದ್ದು ಬೇಗನೆ ಮಲಗಿಬಿಟ್ಟಿದ್ದರು. ಸಾಯಂಕಾಲ ಗುಡುಗು ಮಳೆ ಬಂದು ಹೋಗಿತ್ತು. ಬೊಳ್ಳು ಮಳೆಯಲ್ಲಿ ನೆನೆದು, ಅಷ್ಟಕ್ಕೆ ತೃಪ್ತಿಯಾಗದೆ ಗೊಬ್ಬರದ ಗುಂಡಿಯಲ್ಲಿ ಹೊರಳಿ ಬಂದಿತ್ತು. ಅಜ್ಜಿ, "ಈಚೆಗೆ ಚಿರತೆ ಬರುತ್ತದೆ ಬಾಲೆ. ನಾಯಿಯನ್ನು ಒಳಗೆ ಹಾಕಿಕೊಳ್ಳಿ" ಎಂದು ಸ್ಪಷ್ಟವಾಗಿಯೇ ಹೇಳಿದರು.

ಆದರೆ ಚಾವಡಿಯ ನೆಲವನ್ನು ಆಗತಾನೆ ಸೆಗಣಿ ಹಾಕಿ ಸಾರಿಸಿದ್ದರು. ನಮ್ಮ ನಾಯಿಯ ವಾಸನೆಗೆ ಆ ಸೊಸೆ ಮೂಗಿಗೆ ಸೆರಗು ಹಿಡಿದದ್ದನ್ನು ನಾವು ಕಂಡೆವು. ನಮಗೆ ನಾಚಿಕೆಯಾಯಿತು. ಬೊಳ್ಳು ಎಂದೂ ಕಟ್ಟಿ ಹಾಕಿಸಿಕೊಂಡ ನಾಯಿಯಲ್ಲ. ಯಾವ ಮನೆಯಲ್ಲಿಯೂ ಅದು ತಂದೆಯವರ ಕಾಲ ಬುಡದಲ್ಲಿ ಮಲಗುವುದೇ ಕ್ರಮ. ಆ ರಾತ್ರಿ ಅದು ಒಳಗೆ ಬಾರದಿರಲೆಂದು, ದನಗಳನ್ನು ಹಿಡಿದು ನಿಲ್ಲಿಸಲಿಕ್ಕೆ ತಂದೆಯವರು ಚೀಲದಲ್ಲಿಟ್ಟಿದ್ದ ಹಗ್ಗವನ್ನು ತೆಗೆದು, ಹೊರಜಗಲಿಯ ಕಂಬಕ್ಕೆ ಅದನ್ನು ಕಟ್ಟಿದೆವು. ಎಳೆದಷ್ಟೂ ಬಿಗಿಯುವ ಗಂಟು, ಅವರೇ ಕಲಿಸಿದ್ದು. ಬೊಳ್ಳು ಆಶ್ಚರ್ಯದಿಂದ ಒಮ್ಮೆ ಹಗ್ಗವನ್ನೂ ಒಮ್ಮೆ ನಮ್ಮನ್ನೂ ನೋಡಿತು. ನಾವು ಬಾಗಿಲು ಮುಚ್ಚಿದೆವು.

ನಡುರಾತ್ರಿಯಲ್ಲಿ, ಯಾರೋ ಕೊಡವನ್ನು ಕಲ್ಲಿಗೆ ತಾಗಿಸಿದಂಥ ಒಂದೇ ಒಂದು ಸದ್ದು ಕೇಳಿ ಎಚ್ಚರವಾಯಿತು. ಬೊಗಳಿದ್ದು ಕೇಳಲಿಲ್ಲ. ಬೊಗಳದಿದ್ದರೆ ಏನೆಂಬುದನ್ನು ನಾವು ಬಲ್ಲೆವಷ್ಟೆ. ಆದರೂ ಏಳಲಿಲ್ಲ. ಹೆದರಿಕೆಯಿಂದಲೋ, ಏನೂ ಆಗಿಲ್ಲವೆಂದು ನಂಬುವ ಆಸೆಯಿಂದಲೋ, ಸೊಸೆಯನ್ನು ಎಬ್ಬಿಸಲಿಕ್ಕೆ ಸಂಕೋಚದಿಂದಲೋ, ಕಣ್ಣು ತೆರೆದುಕೊಂಡು ಬೆಳಗಿನ ತನಕ ಬಿದ್ದಿದ್ದೆವು.

ಬೆಳಿಗ್ಗೆ ಕಂಬದಲ್ಲಿ ಗಂಟು ಇತ್ತು, ಒಂದು ಮೊಳ ಹಗ್ಗವಿತ್ತು. ಅಂಗಳದ ಕೆಸರಿನಲ್ಲಿ ಎಳೆದ ಗುರುತು ತೋಟದ ತನಕ ಹೋಗಿ ಹುಲ್ಲಿನಲ್ಲಿ ಮಾಯವಾಗಿತ್ತು. ತಂದೆಯವರು ಕಂಬದ ಮುಂದೆ ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕುಳಿತು ಹಗ್ಗವನ್ನು ಬಿಚ್ಚಿದರು. ಗಂಟು ಬಿಗಿದಿದ್ದರಿಂದ ಬಿಚ್ಚಲಿಕ್ಕೆ ಹೊತ್ತು ಹಿಡಿಯಿತು. ಕಟ್ಟಿದವರು ಯಾರೆಂದು ಕೇಳಿದರು. ನಾವೇ ಎಂದು ಒಪ್ಪಿಕೊಂಡೆವು. "ಗಂಟು ಸರಿಯಾಗಿಯೇ ಹಾಕಿದ್ದೀ" ಎಂದರು. ಅದರಲ್ಲಿ ಕೋಪವಿತ್ತೋ ಇಲ್ಲವೋ ಇಂದಿಗೂ ತಿಳಿಯದು. ಆ ಮೇಲೆ, "ಮಂಜುಗಡ್ಡೆ ಕರಗುತ್ತದೆ. ಹೊರಡು" ಎಂದರು. ಮೇಲಿನ ಎರಡು ಮನೆಗಳಲ್ಲಿ ದನಗಳು ಬಾಕಿ ಇದ್ದವು. ಜ್ವರದ ಮೈಯಲ್ಲಿಯೇ ಅವರು ನಡೆದರು, ನಾವು ಥರ್ಮಾಸು ಹಿಡಿದು ಹಿಂದೆ ನಡೆದೆವು. ದಾರಿಯಲ್ಲಿ ತಿರುವು ಬಂದಾಗಲೆಲ್ಲಾ ಅವರ ಎಡಗೈ ತಾನಾಗಿಯೇ ಚಿಟಿಕೆ ಹೊಡೆಯುತ್ತಿತ್ತು. ಹೊಡೆದ ಮೇಲೆ ಅವರಿಗೆ ನೆನಪಾಗಿ ಕೈಯನ್ನು ಜೇಬಿಗೆ ಹಾಕುತ್ತಿದ್ದರು.

ಮನೆಗೆ ಬಂದು ಅಮ್ಮನವರಿಗೆ, "ಚಿರತೆ ಹಿಡಿಯಿತು" ಎಂದಷ್ಟೇ ಹೇಳಿದರು. ಹಗ್ಗದ ಮಾತು ಎತ್ತಲಿಲ್ಲ. ಆ ದಿನವೂ ಎತ್ತಲಿಲ್ಲ, 2011ರಲ್ಲಿ ತೀರಿಕೊಳ್ಳುವ ವರೆಗೂ ಎತ್ತಲಿಲ್ಲ. ಬೇರೆ ನಾಯಿಯನ್ನು ತರಲಿಲ್ಲ. ನಮ್ಮ ತಪ್ಪನ್ನು ಅವರು ಮರೆತರೆಂದು ಕೆಲವು ವರ್ಷ ನಂಬಿದ್ದೆವು. ಕಾಪಾಡಿದರೆಂದು ತಿಳಿದದ್ದು ತಡವಾಗಿ. ಅಮ್ಮನವರು ಈ ಸಂಚಿಕೆಯನ್ನು ಕನ್ನಡಕ ಹಾಕಿಕೊಂಡು ಜಾಹೀರಾತುಗಳ ಸಮೇತ ಓದುವವರು. ಅವರಿಗೂ ಇದು ಇಲ್ಲಿಯೇ ಮೊದಲು ತಿಳಿಯುವುದು.

ಮರು ವರ್ಷದಿಂದ ನಾವು ಕಾಲೇಜು, ಆ ಮೇಲೆ ತರಬೇತಿ ಎಂದು ಹಾಸ್ಟೆಲುಗಳ ಪಾಲಾದೆವು. ತಂದೆಯವರು ಒಬ್ಬರೇ ಹೋಗಿ ಬರುತ್ತಿದ್ದರು. 2003ರ ನವೆಂಬರಿನಲ್ಲಿ ಕಾರ್ಕಳ ತಾಲೂಕಿನ ಈದು ಗ್ರಾಮದಲ್ಲಿ ಪೊಲೀಸರಿಗೂ ನಕ್ಸಲರಿಗೂ ಗುಂಡು ಹಾರಾಟ ನಡೆದು ಇಬ್ಬರು ತರುಣಿಯರು ಮಡಿದರು. ಅಲ್ಲಿಂದ ಮುಂದೆ ಘಟ್ಟದ ಬುಡದ ದಾರಿಗಳಲ್ಲಿ ಸುಮ್ಮನೆ ನಡೆಯುವುದು ಕಷ್ಟವಾಯಿತು. ಯಾರು, ಎಲ್ಲಿಗೆ, ಯಾಕೆ ಎಂಬ ಪ್ರಶ್ನೆಗಳು ಎರಡೂ ಕಡೆಯಿಂದ. ಕೇಳುವವರಿಲ್ಲದೆ ಒಬ್ಬ ಹುಡುಗಿ ತಂದೆಯೊಡನೆ ಆ ಕಾಡನ್ನು ನಡೆದಿದ್ದಳೆಂದರೆ ನಮ್ಮ ವಿದ್ಯಾರ್ಥಿನಿಯರು ಈಗ ನಂಬಲಾರರು.

ಕೆಲವು ವರ್ಷಗಳ ಹಿಂದೆ ಮಕ್ಕಳೊಡನೆ ಬೆಂಗಳೂರಿನ ಸರಕಾರಿ ವಸ್ತು ಸಂಗ್ರಹಾಲಯಕ್ಕೆ ಹೋಗಿದ್ದಾಗ ಆತಕೂರಿನ ಶಿಲಾಶಾಸನವನ್ನು ಕಂಡೆವು. ಮಂಡ್ಯದ ಕಡೆಯದು, ಸುಮಾರು ಕ್ರಿ. ಶ. 950ರದು. ಗಂಗರ ಬೂತುಗನು ತನ್ನ ವೀರ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೆಂದಾಗ, ಅವನು ಭೂಮಿಯನ್ನೂ ಹೊನ್ನನ್ನೂ ಬಿಟ್ಟು ಕಾಳಿ ಎಂಬ ನಾಯಿಯನ್ನು ಬೇಡಿದನು. ಆ ನಾಯಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಜೊತೆಯಾಗಿ ಸತ್ತವು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಕಾದಾಡುವ ಚಿತ್ರವಿದೆ. ಮಕ್ಕಳು, "ಟೀಚರ್, ನಾಯಿಗೆ ಇಷ್ಟು ದೊಡ್ಡ ಕಲ್ಲೇ!" ಎಂದು ನಕ್ಕರು. ನಾವು ಕಾಳಿಯ ಸುತ್ತ ಹಗ್ಗವೇನಾದರೂ ಕೆತ್ತಿದೆಯೋ ಎಂದು ಹುಡುಕುತ್ತಿದ್ದೆವು. ಇರಲಿಲ್ಲ.

ಕಥೋಲಿಕ ಬಾಂಧವರ ಬೈಬಲಿನಲ್ಲಿರುವ ತೋಬಿತನ ಗ್ರಂಥದಲ್ಲಿಯೂ ಒಂದು ನಾಯಿ ಉಂಟು. ತರುಣನು ದೂರದೇಶಕ್ಕೆ ಹೊರಡುವಾಗ ದೇವದೂತನು ಒಂದು ಕಡೆ, ನಾಯಿ ಒಂದು ಕಡೆ. ಕಥೆಯಲ್ಲಿ ಆ ನಾಯಿಗೆ ಯಾವ ಕೆಲಸವೂ ಇಲ್ಲ, ಹೆಸರೂ ಇಲ್ಲ. ಸುಮ್ಮನೆ ಸಂಗಡ ಹೋಗುತ್ತದೆ. ಬರೆದವನು ನಾಯಿಯೊಡನೆ ದಾರಿ ನಡೆದವನೇ ಇರಬೇಕು.

ಹಾಗಾದರೆ ಶನಿವಾರ ನಾವು ಹೋಗುವುದು ಅಮ್ಮನವರ ಮನೆಗೆ, ಕಾರ್ಕಳಕ್ಕೆ. ಉಡುಪಿಯಿಂದ ಮಣಿಪಾಲ, ಪರ್ಕಳ, ಹಿರಿಯಡಕ, ಬೈಲೂರು. ಪರ್ಕಳದ ಇಳಿಜಾರಿನಲ್ಲಿ ರಜೆ ವಾಂತಿ ಮಾಡುವುದು ಮೊದಲ ತಿಂಗಳು ತಪ್ಪುತ್ತಿರಲಿಲ್ಲ. ಹೊರಡುವುದಕ್ಕೆ ನಾಲ್ಕು ಗಂಟೆ ಮೊದಲಿನಿಂದ ಊಟ ನಿಲ್ಲಿಸಿದ ಮೇಲೆ ಸರಿಹೋಯಿತು. ಹಾಜರಿಗೆ ಕಿಟಕಿಯೇ ಬೇಕು. ಇಬ್ಬರಿಗೂ ಪಟ್ಟಿ, ಹಗ್ಗ ಉಂಟು. ಹೆದ್ದಾರಿಯ ಅಂಚಿನಲ್ಲಿ ಸತ್ತು ಬಿದ್ದ ನಾಯಿಗಳನ್ನು ವಾರ ವಾರ ಕಾಣುವವರು ಹಗ್ಗವನ್ನು ಬೇಡವೆನ್ನಲಾರರು. ಆದರೂ ಪ್ರತಿ ಸಲ ಕೊಂಡಿ ಸಿಕ್ಕಿಸುವಾಗ ನಮ್ಮ ಕೈ ಒಂದು ಕ್ಷಣ ನಿಲ್ಲುತ್ತದೆ. ಎಳೆದರೆ ಬಿಗಿಯುವ ಗಂಟನ್ನು ಮಾತ್ರ ಹಾಕುವುದಿಲ್ಲ.

ಕಾರ್ಕಳದ ಸುತ್ತಮುತ್ತ ಚಿರತೆಯ ಸುದ್ದಿ ಈಗಲೂ ಆಗಾಗ ಬರುತ್ತದೆ. ರಾತ್ರಿ ಎರಡನ್ನೂ ನಮ್ಮ ಕೋಣೆಯೊಳಗೇ ಮಲಗಿಸುತ್ತೇವೆ. ಅಮ್ಮನವರು ಬಾಗಿಲಲ್ಲಿ ನಿಂತು, "ಇನ್ನು ಇವಕ್ಕೆ ಮಂಚವೊಂದು ಬಾಕಿ" ಎಂದು ಪ್ರತಿ ವಾರ ಹೇಳುತ್ತಾರೆ. ಪ್ರತಿ ವಾರವೂ ತಾವೇ ಎದ್ದು ಹಿತ್ತಲ ಬಾಗಿಲಿನ ಅಗುಳಿ ಸರಿಯಾಗಿ ಬಿದ್ದಿದೆಯೇ ಎಂದು ನೋಡಿ ಬರುತ್ತಾರೆ.

ಭಾನುವಾರ ಆರಾಧನೆ, ಊಟ ಮುಗಿಸಿ ಬೆಳ್ಮಣ್ಣಿನ ದಾರಿಯಾಗಿ ಪಡುಬಿದ್ರಿಗೆ ಇಳಿದು, ಕಾಪುವಿನಲ್ಲಿ ಒಂದು ಗಂಟೆ. ಜನ ಕಡಮೆ ಇರುವ ಕಡೆ, ದೀಪಸ್ತಂಭದಿಂದ ದೂರ ದಕ್ಷಿಣಕ್ಕೆ ನಡೆದು, ಅಲ್ಲಿ ಕೊಂಡಿ ಬಿಚ್ಚುತ್ತೇವೆ. ಹಾಜರಿ ತೆರೆಗಳನ್ನು ಬೊಗಳಿ ಓಡಿಸಲಿಕ್ಕೆ ಹೋಗುತ್ತದೆ. ಪ್ರತಿ ಸಲವೂ ತೆರೆ ಹಿಂದೆ ಸರಿಯುವುದರಿಂದ ತಾನೇ ಗೆದ್ದೆನೆಂದು ಅದರ ನಂಬಿಕೆ. ರಜೆ ನಮ್ಮ ಕಾಲು ಬಿಟ್ಟು ಕದಲುವುದಿಲ್ಲ. ಮಳೆ ಬಂದು ತೊಳೆದ ಸಂಜೆಗಳಲ್ಲಿ ಪೂರ್ವಕ್ಕೆ ತಿರುಗಿದರೆ ಘಟ್ಟದ ನೀಲಿ ಸಾಲು ಕಾಣುತ್ತದೆ. ಆಗುಂಬೆ ಯಾವುದು, ಕಬ್ಬಿನಾಲೆ ಯಾವುದು ಎಂದು ಇಲ್ಲಿಂದ ಬೇರ್ಪಡಿಸಲಿಕ್ಕೆ ಬರುವುದಿಲ್ಲ. ದೀಪ ಹತ್ತಿದ ಮೇಲೆ ನಿಲ್ಲುವುದಿಲ್ಲ, ಒಂಬತ್ತನೆಯ ತರಗತಿಯ ಪ್ರಬಂಧಗಳು ಮೇಜಿನ ಮೇಲಿರುತ್ತವೆ. ಎಡಗೈಯಲ್ಲಿ ಒಂದು ಚಿಟಿಕೆ ಹೊಡೆಯುತ್ತೇವೆ. ರಜೆ ಕಿವಿ ನಿಮಿರಿಸುತ್ತದೆ, ಹಾಜರಿ ಕೇಳಿಯೂ ಕೇಳದಂತೆ ಇನ್ನೊಂದು ತೆರೆಯನ್ನು ಓಡಿಸಿ ಬರುತ್ತದೆ.